ಹಣೆಯೊಳಗಿನ ಉಕ್ಕು

“ಇವತ್ತು ತಾರೀಖು ಎಷ್ಟು, ಹೇಳವ್ವ.”

“ತಾರೀಖು ನಿಮ್ಮ ಗ್ವಾಡೆ ಮ್ಯಾಲೆ ನೇತಾಡಾಕೆ ಹತ್ತೈತಲ್ಲ ಸಾಹೇಬ್ರೆ, ನೋಡ್ಕಳ್ರಿ. ನನಗೆ ಅಮಾಸೆ ಆಗಿ ಮೂರು ದಿನ ಅಂತ ಗೊತ್ತಿದ್ರೆ ಸಾಕು.”

ಇನ್ಸ್‌ಪೆಕ್ಟರ್ ತಿಪ್ಪೇರುದ್ರಸ್ವಾಮಿ ತಮ್ಮ ಹಾಳೆಯಲ್ಲಿ ‘ಉತ್ತರವಿಲ್ಲ’ ಎಂದು ಬರೆದುಕೊಂಡರು. ಹೊನ್ನಾಳಿಯ ಪ್ರವಾಸಿ ಮಂದಿರದ ನಡುಕೋಣೆಗೆ ಬೆಳಗಿನ ಹತ್ತೂವರೆಯ ಬಿಸಿಲು ಕಿಟಕಿಯಷ್ಟೇ ಅಗಲವಾಗಿ ಇಳಿದಿತ್ತು. ಕುರ್ಚಿ ಕೊಟ್ಟರೂ ಒಲ್ಲದೆ ಉಡಚಮ್ಮ ಆ ಬಿಸಿಲಿನ ಅಂಚಿನಲ್ಲಿ ನೆಲಕ್ಕೇ ಕೂತಿದ್ದಳು. ಅರವತ್ತೈದು ದಾಟಿದ ಹೆಂಗಸು. ಬೀಸುವ ಕಲ್ಲು ಕುಟ್ಟುವ ಚಾಣ, ಸುತ್ತಿಗೆಗಳನ್ನು ತುಂಬಿದ ಗೋಣಿಚೀಲ ಅವಳ ಮೊಣಕಾಲಿಗೆ ಒರಗಿಕೊಂಡಿತ್ತು.

ಮುಂದಿನ ಪ್ರಶ್ನೆ, ರಾಜ್ಯದ ಮುಖ್ಯಮಂತ್ರಿ ಯಾರು ಎಂಬುದು. ಯಾರಾದರೂ ಆಗಲಿ, ಅವರ ಮನೆಯ ಬೀಸುವ ಕಲ್ಲನ್ನು ತಾನು ಮುಟ್ಟಿಲ್ಲ ಎಂದಳು ಉಡಚಮ್ಮ. ಇನ್ನೊಂದು ‘ಉತ್ತರವಿಲ್ಲ’ ಹಾಳೆಗೆ ಇಳಿಯಿತು.

“ನೆನಪು ಪರೀಕ್ಷೆ ಮಾಡಾದಾದ್ರೆ ನನ್ನ ಕೆಲಸದಾಗೆ ಮಾಡ್ರಿ,” ಎಂದಳು. “ನಿಮ್ಮ ಕ್ವಾಟ್ರಸ್ಸಿನ ಕಲ್ಲಿಗೆ ಹೋದ ಶಿವರಾತ್ರಿ ಹಿಂದಿನ ಸೋಮಾರ ಮುಳ್ಳು ಹೊಡೆದೆ. ಅದರ ಮೂಲೆ ಒಡೆದಿತ್ತು. ನಿಮ್ಮ ಮನೆಯೋರು ನನ್ನ ಮ್ಯಾಲೆ ಹಾಕಿದ್ರು. ಒಡೆದೋರು ನೀವು, ಜೀಪಿನ ಜಾಕಿ ಇಟ್ಟು. ನೆನಪಿಲ್ಲ ಅನ್ನೋ ಮಾತು ಈ ಬಾಯಾಗೆ ಇನ್ನೂ ಬಂದಿಲ್ಲ.”

ಬಾಗಿಲ ಬಳಿ ನಿಂತಿದ್ದ ಪೇದೆ ಕೆಮ್ಮಿದಂತೆ ಮಾಡಿ ನಗು ನುಂಗಿದ. ತಿಪ್ಪೇರುದ್ರಸ್ವಾಮಿಯವರ ಲೇಖನಿ ಒಂದು ಕ್ಷಣ ತಡವರಿಸಿತು. ಜಾಕಿಯ ವಿಷಯ ನಿಜವೆಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಆದರೆ ಪ್ರಶ್ನಾವಳಿಯಲ್ಲಿ ಜಾಕಿಗೆ ಜಾಗವಿರಲಿಲ್ಲ.

ಮೂಲೆಯ ಬೆಂಚಿನಿಂದ ರೇವಣ್ಣ ಇದನ್ನೆಲ್ಲ ನೋಡುತ್ತಿದ್ದ. ಒಂದು ಕಾಲಕ್ಕೆ ಪೊಲೀಸ್ ಇಲಾಖೆಗೆ ಹೆಣಗಳ, ಒಡೆದ ಬೀಗಗಳ, ರಕ್ತದ ಕಲೆಗಳ ಚಿತ್ರ ತೆಗೆದುಕೊಟ್ಟವನು ಅವನು. ರಾಜೀನಾಮೆ ಕೊಟ್ಟು ಚನ್ನಗಿರಿಯ ಬಸ್ ನಿಲ್ದಾಣದೆದುರು ಸ್ಟುಡಿಯೋ ತೆರೆದು ಒಂಬತ್ತು ವರ್ಷವಾಗಿತ್ತು. ಮದುವೆಯ ಚಿತ್ರಗಳ ನಡುವೆ ಹೀಗೊಂದು ಮೊಕದ್ದಮೆ ಆಗಾಗ ಅವನನ್ನು ಹುಡುಕಿಕೊಂಡು ಬರುತ್ತಿತ್ತು.

ಇದು ನದಿಯ ಮೊಕದ್ದಮೆ. ಸೀಗೆ ಹುಣ್ಣಿಮೆಯಾದ ಮೂರನೆಯ ದಿನ, ಗುರುವಾರ ಮಧ್ಯಾಹ್ನ, ನ್ಯಾಮತಿಯ ಶಾಲಾ ಶಿಕ್ಷಕ ನಾಗೇಂದ್ರಪ್ಪ ತುಂಗಭದ್ರೆಯಲ್ಲಿ ಮುಳುಗಿ ಸತ್ತಿದ್ದ. ಅವನ ತಲೆಯಲ್ಲಿ ಪೆಟ್ಟಿತ್ತು. ತೆಪ್ಪ ನಡೆಸುವ ಮೀನುಗಾರ ಚಿತ್ತಪ್ಪ ಹುಟ್ಟು ಬೀಸಿ ಹೊಡೆದದ್ದನ್ನು ಕಂಡೆನೆಂದು ನಿವೃತ್ತ ಹೆಡ್‌ಮಾಸ್ತರ ಗುರುಶಾಂತಪ್ಪನವರು ಹೇಳಿದ್ದರು. ಅವರ ಮಾತನ್ನು ಅಲ್ಲಗಳೆಯುವ ನಾಲಗೆ ಇಡೀ ತಾಲ್ಲೂಕಿನಲ್ಲಿ ಒಂದೇ ಇತ್ತು. ನದಿ ಘಟ್ಟದ ಮೆಟ್ಟಿಲ ಮೇಲೆ ಚಾಣದ ಮೊನೆ ಮಸೆಯುತ್ತ ಕೂತಿದ್ದ ಉಡಚಮ್ಮನದು.

ಚಿತ್ತಪ್ಪನ ತೆಪ್ಪ ಆ ಹೊತ್ತಿಗೆ ಆಚೆ ದಡದಲ್ಲಿತ್ತು ಎಂದಿದ್ದಳು ಅವಳು. ಕಪ್ಪು ಕೊಡೆಯೊಂದರ ಕೆಳಗೆ ನಾಗೇಂದ್ರಪ್ಪನೂ ಇನ್ನೊಬ್ಬನೂ ಬಂದರು, ಕೊಡೆಯ ಮರೆಯಲ್ಲಿ ಆ ಇನ್ನೊಬ್ಬನ ಮುಖ ಕಾಣಲಿಲ್ಲ, ಜಡಿಮಳೆ ಜೋರಾಗಿ ತಾನು ಘಟ್ಟದ ಮಂಟಪದೊಳಕ್ಕೆ ಸರಿದೆ ಎಂದಿದ್ದಳು. ಆ ಕೊಡೆ ಎಲ್ಲಿಯೂ ಸಿಗಲಿಲ್ಲ. ಅವಳ ಹೊರತು ಯಾರೂ ಕೊಡೆಯ ಮಾತೇ ಎತ್ತಿರಲಿಲ್ಲ.

ಸಂಜೆ ಐದಕ್ಕೆ ದೋಷಾರೋಪ ಪಟ್ಟಿ ಶಿವಮೊಗ್ಗಕ್ಕೆ ಹೊರಡಬೇಕಿತ್ತು. ಉಡಚಮ್ಮನ ಹೇಳಿಕೆ ಅದರಲ್ಲಿ ಉಳಿದರೆ ಚಿತ್ತಪ್ಪನಿಗೆ ಬದುಕುವ ದಾರಿಯೊಂದು ಉಳಿಯುತ್ತದೆ. ಬಿದ್ದುಹೋದರೆ ಅವನಿಗೆ ಗಲ್ಲು, ಅಥವಾ ಉಳಿದ ಆಯುಷ್ಯವೆಲ್ಲ ಸೆರೆಮನೆ.

ಆ ಹೇಳಿಕೆಯನ್ನು ಬೀಳಿಸಲು ಬಂದಿದ್ದ ವಸ್ತು ಮೇಜಿನ ಮೇಲಿತ್ತು. ದೊಡ್ಡದೊಂದು ಕಪ್ಪು ಫಿಲ್ಮು.

“ಇನ್ನೂ ಎಷ್ಟು ಪ್ರಶ್ನೆ, ಸ್ವಾಮಿ?” ಎಂದು ಮುರುಗೇಶಪ್ಪ ಮೇಲೆದ್ದರು. ಹೊನ್ನಾಳಿಯ ಅಡಿಕೆ ಮಂಡಿಯ ಯಜಮಾನರು, ಶಾಲಾ ಸಮಿತಿಯ ಅಧ್ಯಕ್ಷರು, ಗುರುಶಾಂತಪ್ಪ ಮೇಷ್ಟ್ರ ಅಳಿಯ. ಫಿಲ್ಮನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. “ಇದೇ ಉತ್ತರ ಹೇಳ್ತದೆ.”

ಒಂದೇ ಹಾಳೆಯಲ್ಲಿ ಹನ್ನೆರಡು ಚಿತ್ರಗಳು. ಒಂದು ತಲೆಯನ್ನು ಹನ್ನೆರಡು ಬಿಲ್ಲೆಗಳಾಗಿ ಕೊಯ್ದು ಹರವಿದಂತೆ. ಮೂಳೆ ಬಿಳಿಯ ಬಳೆ, ಮಿದುಳು ಅದರೊಳಗಿನ ಬೂದು, ನಡುವಿನ ಕಪ್ಪು ಗೂಡುಗಳು ರೆಕ್ಕೆ ಊದಿಕೊಂಡ ಚಿಟ್ಟೆಯಂತೆ. ಮದರಾಸಿನ ಆಸ್ಪತ್ರೆಯೊಂದರಲ್ಲಿ ಸೆಪ್ಟೆಂಬರಿನಲ್ಲಿ ತೆಗೆದ ಸಿ.ಟಿ. ಸ್ಕ್ಯಾನ್ ಎಂದು ಅವರು ವಿವರಿಸಿದರು. ಮನೆಗೆ ಕಲ್ಲು ಕುಟ್ಟಲು ಬರುವ ಮುದುಕಿ ತಲೆಭಾರ ಎಂದಳು, ಹೇಗೂ ಆ ಕಡೆ ಹೊರಟಿದ್ದೆ, ಪುಣ್ಯ ಬರಲೆಂದು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಮಿದುಳು ಕುಗ್ಗಿದೆ, ಒಳಗಿನ ಗೂಡುಗಳು ಹಿಗ್ಗಿವೆ, ಇದು ಆಲ್ಝೈಮರ್ ಎಂಬ ಮರೆವಿನ ರೋಗವಿರಬಹುದು ಎಂದು ಅಲ್ಲಿಯ ವೈದ್ಯರು ಹೇಳಿದರು. ಇಂಥವಳ ಮಾತಿನಿಂದ ನ್ಯಾಯಾಲಯದ ಹೊತ್ತು ಹಾಳಾಗಬಾರದು ಎಂದರು.

“ಮದರಾಸಿಗೆ ನಾನು ಹೋಗೇ ಇಲ್ಲ,” ಎಂದಳು ಉಡಚಮ್ಮ. “ಜಗಳೂರು, ಶಿವಮೊಗ್ಗ ಸೀಮೆ ಬಿಟ್ಟು ಆಚೆ ಕಾಲಿಟ್ಟಿಲ್ಲ.”

ಮುರುಗೇಶಪ್ಪ ಮರುಕದಿಂದೆಂಬಂತೆ ಇನ್ಸ್‌ಪೆಕ್ಟರರತ್ತ ನೋಡಿದರು.

“ಕೇಳಿದಿರಲ್ಲ. ಹೋಗಿಬಂದದ್ದೇ ಮರೆತುಹೋಗಿದೆ.”

ಎಂಥ ಬಲೆ ಎಂದುಕೊಂಡ ರೇವಣ್ಣ. ಹೋಗಿದ್ದೆ ಎಂದರೆ ಫಿಲ್ಮು ಅವಳದಾಗುತ್ತದೆ. ಹೋಗಿಲ್ಲ ಎಂದರೆ ರೋಗ ಅವಳದಾಗುತ್ತದೆ. ಈ ಬಲೆಯನ್ನು ಹೊರಗಿನಿಂದ ಹರಿಯಲಾಗದು. ಫಿಲ್ಮಿನ ಒಳಗಿನಿಂದಲೇ ಹರಿಯಬೇಕು.

ಅವನು ಎದ್ದು ಬಂದು ಫಿಲ್ಮನ್ನು ತನ್ನ ಕೈಗೆ ತೆಗೆದುಕೊಂಡ. ಕಳೆದ ವಾರ ಇನ್ಸ್‌ಪೆಕ್ಟರರ ಅನುಮತಿಯಿಂದ ಅದು ಒಂದು ಹಗಲು ಅವನ ಸ್ಟುಡಿಯೋದ ಗಾಜಿನ ಮೇಜಿನ ಮೇಲಿತ್ತು. ಮದುಮಗಳ ಮುಖದ ಕಲೆಗಳನ್ನು ತಿದ್ದುವ ಅದೇ ಮೇಜಿನ ಬೆಳಕಿನಲ್ಲಿ, ಅದೇ ಭೂತಗನ್ನಡಿಯಲ್ಲಿ, ಅವನು ಒಬ್ಬ ಮನುಷ್ಯನ ಮರೆವನ್ನು ಬಿಲ್ಲೆ ಬಿಲ್ಲೆಯಾಗಿ ಓದಿದ್ದ. ಅದರ ಪ್ರತಿ ತೆಗೆದು ಮದರಾಸಿನ ಪರಿಚಿತ ವೈದ್ಯರೊಬ್ಬರಿಗೆ ಕಳಿಸಿದ್ದ. ನಿನ್ನೆಯ ಅಂಚೆಯಲ್ಲಿ ಅವರ ಉತ್ತರ ಬಂದಿತ್ತು. ಆ ಕಾಗದ ಈಗ ಅವನ ಅಂಗಿಯ ಜೇಬಿನಲ್ಲಿ ಬೆಚ್ಚಗಿತ್ತು.

“ಈ ಮೂಲೆ ನೋಡಿ ಸ್ವಾಮಿ,” ಎಂದ. “ದಿನಾಂಕ ಉಳಿದಿದೆ. ಹೆಸರಿರಬೇಕಾದ ಕಡೆ ಚೀಟಿ ಅಂಟಿಸಿ ಉಡಚಮ್ಮ ಅಂತ ಬರೆದಿದ್ದಾರೆ. ಚೀಟಿಯ ಕೆಳಗೆ ಬ್ಲೇಡಿನಿಂದ ಕೆರೆದಿದೆ.”

“ಆಸ್ಪತ್ರೆಯವರು ತಪ್ಪು ಬರೆದು ಕೆರೆದಿರಬಹುದು,” ಎಂದರು ಮುರುಗೇಶಪ್ಪ. “ಫೋಟೋದವರಿಗೆ ಎಲ್ಲ ಕಡೆಯೂ ಬ್ಲೇಡೇ ಕಾಣ್ತದೆ.”

“ಇರಬಹುದು. ಅದನ್ನ ಬಿಡೋಣ. ಸ್ವಾಮಿ, ಈಕೆಯ ದೇಹದ ಗುರುತು ಅಂತ ನೀವು ಬರೆದದ್ದನ್ನ ಒಮ್ಮೆ ಓದಿ.”

ತಿಪ್ಪೇರುದ್ರಸ್ವಾಮಿ ಹಾಳೆ ತಿರುವಿದರು. “ಹಣೆಯ ಮೇಲೂ ಹುಬ್ಬಿನ ಮೇಲೂ ಹಚ್ಚೆಯ ನೀಲಿ ಚುಕ್ಕೆಗಳು, ಏಳು.”

“ಉಡಚಮ್ಮ, ಹಚ್ಚೆ ಹೊಯ್ದವರು ಯಾರು?”

ಅವಳು ಇಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ನಕ್ಕಳು. ರವಿಕೆಯ ತೋಳು ಸರಿಸಿ ಮೊಣಕೈಯ ಮೇಲಿನ ಹಸಿರು ತೊಟ್ಟಿಲ ಚಿತ್ರ ತೋರಿಸಿದಳು.

“ಹಚ್ಚೆ ಅಂದ್ರೆ ಇದು. ಹಣಿ ಮ್ಯಾಗಳದ್ದು ಹಚ್ಚೆ ಅಲ್ರಿ. ಕಲ್ಲಿನ ಕೂಡ ನಲವತ್ತು ವರ್ಷ ಗುದ್ದಾಡಿದ ಗುರುತು.”

ರೇವಣ್ಣ ಬಿಡಿಸಿ ಹೇಳಿದ. ಬೀಸುವ ಕಲ್ಲು ಸವೆದು ನುಣುಪಾದರೆ ಜೋಳ ಜಾರುತ್ತದೆ, ಹಿಟ್ಟಾಗುವುದಿಲ್ಲ. ಆಗ ಜಗಳೂರು ಸೀಮೆಯ ಇಂಥ ಹೆಂಗಸರು ಊರೂರು ತಿರುಗಿ ಬಂದು ಚಾಣದಿಂದ ಕಲ್ಲಿನ ಮೈಮೇಲೆ ಮುಳ್ಳು ಹೊಡೆಯುತ್ತಾರೆ. ಕಲ್ಲಿನ ಮೇಲೆ ಮುಖ ಬಾಗಿಸಿಯೇ ಮಾಡಬೇಕಾದ ಕೆಲಸ. ಸುತ್ತಿಗೆ ಬಿದ್ದಾಗ ಚಾಣದ ತಲೆಯಿಂದ ಉಕ್ಕಿನ ಚೂರುಗಳು ಸಿಡಿಯುತ್ತವೆ. ಕೆಲವು ಚರ್ಮ ಹೊಕ್ಕು ಅಲ್ಲೇ ಉಳಿಯುತ್ತವೆ, ಮೇಲೆ ಚರ್ಮ ಕೂಡಿಕೊಂಡು ನೀಲಿಯಾಗಿ ಕಾಣುತ್ತವೆ. ಪೇಟೆಯ ಕಣ್ಣಿಗೆ ಅದು ಹಚ್ಚೆ. ಗಿರಣಿಯ ಹಿಟ್ಟು ತಿನ್ನುವವರು ಎಲ್ಲರೂ ಮಾಡುವ ತಪ್ಪು ಇದು.

“ಕಥೆ ಚೆನ್ನಾಗಿದೆ,” ಎಂದರು ಮುರುಗೇಶಪ್ಪ.

ರೇವಣ್ಣ ಜೇಬಿನಿಂದ ದಾರಕ್ಕೆ ಕಟ್ಟಿದ ಕರಿಯ ಚೂರೊಂದನ್ನು ತೆಗೆದ. ಚನ್ನಗಿರಿಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೇಡಿ ತಂದಿದ್ದ, ಒಡೆದ ಸ್ಪೀಕರಿನ ಅಯಸ್ಕಾಂತ. ಉಡಚಮ್ಮನ ಮುಂದೆ ಮೊಣಕಾಲೂರಿ, ಅವಳ ಹಣೆಗೆ ಅರ್ಧ ಬೆರಳು ದೂರದಲ್ಲಿ ಅದನ್ನು ಇಳಿಬಿಟ್ಟ. ಇನ್ಸ್‌ಪೆಕ್ಟರರು ಕುರ್ಚಿ ಬಿಟ್ಟು ಬಂದು ಬಗ್ಗಿದರು.

ಚೂರು ಮೊದಲು ಸುಮ್ಮನೆ ತಿರುಗಿತು. ರೇವಣ್ಣ ಉಸಿರು ಬಿಗಿಹಿಡಿದು ಕೈಯನ್ನು ಇನ್ನಷ್ಟು ಹತ್ತಿರ ತಂದ. ದಾರ ಓರೆಯಾಯಿತು. ಕರಿಯ ಚೂರು ತಾನಾಗಿ ವಾಲಿ, ಎಡ ಹುಬ್ಬಿನ ಮೇಲಿನ ದೊಡ್ಡ ಚುಕ್ಕೆಗೆ ಅಂಟಿ ನಿಂತಿತು.

ಉಡಚಮ್ಮ ರೆಪ್ಪೆ ಮಿಟುಕಿಸಲಿಲ್ಲ. “ನೋಡ್ರಿ ಸಾಹೇಬ್ರೆ. ನನ್ನ ತಲಿ ಕಬ್ಬಿಣ.”

ರೇವಣ್ಣ ಅಂಚೆಯಲ್ಲಿ ಬಂದ ಕಾಗದವನ್ನು ಇನ್ಸ್‌ಪೆಕ್ಟರರ ಕೈಗಿತ್ತ. ಸ್ಕ್ಯಾನ್ ಯಂತ್ರದೊಳಗೆ ಸಾಸಿವೆ ಕಾಳಿನಷ್ಟು ಉಕ್ಕು ಹೋದರೂ ಚಿತ್ರದಲ್ಲಿ ಅದು ನಕ್ಷತ್ರ ಸಿಡಿದಂತೆ ಬೆಳ್ಳಗೆ ಗೀರು ಬಿಡುತ್ತದೆ, ಅದನ್ನು ಅಳಿಸಲಾಗದು ಎಂದು ವೈದ್ಯರು ಬರೆದಿದ್ದರು. ಈ ಹನ್ನೆರಡು ಬಿಲ್ಲೆಗಳಲ್ಲಿ ಐದು ಹಣೆಯ ಮಟ್ಟದವು. ಒಂದರಲ್ಲೂ ಗೀರಿಲ್ಲ. ಹಣೆ ಶುಭ್ರವಾಗಿದೆ. ಕಾಗದದ ಕೊನೆಯಲ್ಲಿ ಇನ್ನೊಂದು ಮಾತೂ ಇತ್ತು. ಮಿದುಳು ಕುಗ್ಗಿದ್ದು ಕಂಡ ಮಾತ್ರಕ್ಕೆ ಮರೆವು ಇಂತಿಷ್ಟೆಂದು ಹೇಳಲಾಗದು. ಬರಿಯ ವಯಸ್ಸೂ ಹೀಗೆಯೇ ಕಾಣಬಹುದು. ಮನುಷ್ಯನನ್ನು ಎದುರು ಕೂರಿಸಿ ಮಾತಾಡಿಸದೆ ಚಿತ್ರವನ್ನಷ್ಟೇ ನೋಡಿ ತೀರ್ಪು ಕೊಡುವವನು ವೈದ್ಯನಲ್ಲ.

ತಿಪ್ಪೇರುದ್ರಸ್ವಾಮಿ ಎರಡು ಬಾರಿ ಓದಿದರು. ಫಿಲ್ಮನ್ನು ಬೆಳಕಿಗೆ ಹಿಡಿದು ಹಣೆಯ ಬಿಲ್ಲೆಗಳನ್ನು ಒಂದೊಂದಾಗಿ ನೋಡಿದರು. ಮತ್ತೆ ಕುರ್ಚಿಗೆ ಹೋಗಿ, ‘ಹಚ್ಚೆಯ’ ಎಂಬ ಪದ ಹೊಡೆದುಹಾಕಿ ‘ಉಕ್ಕಿನ’ ಎಂದು ಬರೆದರು.

“ಹಾಗಾದರೆ ಆಸ್ಪತ್ರೆಯಲ್ಲಿ ಅದಲುಬದಲಾಗಿದೆ,” ಎಂದರು ಮುರುಗೇಶಪ್ಪ. ದನಿ ಇನ್ನೂ ಗಟ್ಟಿಯಾಗಿತ್ತು, ಆದರೆ ಹೆಗಲ ಮೇಲಿನ ಶಲ್ಯ ಜಾರಿದ್ದು ಅವರಿಗೆ ಗೊತ್ತಾಗಿರಲಿಲ್ಲ. “ಮಾವನವರು ಆಗಲಿಂದ ವರಾಂಡದಲ್ಲಿ ಕೂತಿದ್ದಾರೆ. ಅವರ ರುಜು ಹಾಕಿಸಿಕೊಂಡು ಕಳಿಸಿಬಿಡಿ, ಆಯಾಸವಾಗ್ತದೆ.”

“ಹಾಕಿಸೋಣ,” ಎಂದರು ಇನ್ಸ್‌ಪೆಕ್ಟರ್. “ರೇವಣ್ಣ, ಈ ತಲೆ ಈಕೆಯದಲ್ಲ. ಯಾರದು?”

ರೇವಣ್ಣ ಅಯಸ್ಕಾಂತದ ದಾರವನ್ನು ಬೆರಳಿಗೆ ಸುತ್ತತೊಡಗಿದ.

ಉತ್ತರ ಗೊತ್ತಿಲ್ಲದೆ ಅಲ್ಲ. ಏಳನೆಯ ಬಿಲ್ಲೆಯಲ್ಲಿ ಮೂಳೆಯ ಬಳೆ ಒಂದು ಕಡೆ ಒಳಕ್ಕೆ ತಗ್ಗಿತ್ತು, ಮಣ್ಣಿನ ಹಣತೆಯ ಬಾಯಿ ಹೆಬ್ಬೆಟ್ಟಿಗೆ ಒತ್ತಿ ತಗ್ಗಿದ ಹಾಗೆ. ಅದನ್ನು ಮೊದಲು ಕಂಡ ದಿನ ಅವನ ಬಲಗೈಯ ತೋರುಬೆರಳು ತಾನೇ ಮಡಿಚಿಕೊಂಡಿತ್ತು. ಕಣ್ಣಿಗಿಂತ ಮೊದಲು ಗುರುತು ಹಿಡಿದದ್ದು ಆ ಬೆರಳು.

ಗುರುಶಾಂತಪ್ಪ ಮೇಷ್ಟ್ರು ನಲವತ್ತೆರಡರ ಚಳವಳಿಯಲ್ಲಿ ತಲೆಗೆ ಲಾಠಿಯ ಪೆಟ್ಟು ತಿಂದವರು. ಪ್ರತಿವರ್ಷ ಆಗಸ್ಟ್ ಹದಿನೈದಕ್ಕೆ, ಬಾವುಟ ಏರಿದ ಮೇಲೆ, ಟೋಪಿ ತೆಗೆದು ತಲೆ ಬಗ್ಗಿಸುತ್ತಿದ್ದರು. ಮಕ್ಕಳು ಸಾಲಾಗಿ ಬಂದು ಎಡಗಿವಿಯ ಮೇಲಿನ ಆ ಗುಳಿಯಲ್ಲಿ ಬೆರಳಿಡಬೇಕು. ಸಿಹಿ ಸಿಗುವುದು ಆಮೇಲೆ. ರೇವಣ್ಣ ಐದು ವರ್ಷ ಬೆರಳಿಟ್ಟಿದ್ದ.

ಆದರೆ ಫಿಲ್ಮಿನಲ್ಲಿ ಗುಳಿ ಬಲಗಡೆ ಇತ್ತು, ಮೇಷ್ಟ್ರ ಗುಳಿ ಎಡಗಡೆ. ಒಂದು ವಾರ ಅವನು ಆ ವ್ಯತ್ಯಾಸವನ್ನು ತಾಯಿತದಂತೆ ಹಿಡಿದುಕೊಂಡಿದ್ದ. ನಿನ್ನೆಯ ಕಾಗದ ಅದನ್ನೂ ಕಿತ್ತುಕೊಂಡಿತು. ಇಂಥ ಚಿತ್ರವನ್ನು ಮಲಗಿದವನ ಪಾದದ ಕಡೆ ನಿಂತು ನೋಡಿದಂತೆ ಓದಬೇಕಂತೆ. ಚಿತ್ರದ ಬಲ, ಮನುಷ್ಯನ ಎಡ.

“ಹೇಳ್ರಿ ರೇವಣ್ಣ,” ಎಂದಳು ಉಡಚಮ್ಮ ನೆಲದಿಂದಲೇ. “ನನ್ನ ತಲಿ ಬಗ್ಗೆ ಮಾತಾಡಾಕೆ ಯಾರೂ ನಾಚಿಕೆ ಪಡಲಿಲ್ಲ. ದೊಡ್ಡೋರ ತಲಿ ಅಂದ ಕೂಡ್ಲೆ ಬಾಯಿ ಕಟ್ಟಿತೇನು?”

ಬೆನ್ನಿಗೆ ಚಾಣದ ಏಟು ಬಿದ್ದಂತಾಯಿತು. ರೇವಣ್ಣ ತಲೆಯೆತ್ತಿದ.

“ಇದು ಗುರುಶಾಂತಪ್ಪ ಮೇಷ್ಟ್ರ ಚಿತ್ರ. ಮುರುಗೇಶಪ್ಪನವರೇ, ಮದರಾಸಿಗೆ ನೀವು ಕರೆದುಕೊಂಡು ಹೋದದ್ದು ಮಾವನವರನ್ನ. ಚಿತ್ತಪ್ಪನನ್ನ ಗಲ್ಲಿಗೆ ಕಳಿಸೋ ಸಾಕ್ಷಿಯ ಮರೆವನ್ನ, ಅವನನ್ನ ಬಿಡಿಸೋ ಸಾಕ್ಷಿಯ ತಲೆಗೆ ಕಟ್ಟಿದಿರಿ.”

“ಮತ್ತೇನು ಮಾಡಬೇಕಿತ್ತು?” ಮುರುಗೇಶಪ್ಪನವರ ದನಿ ಒಡೆದದ್ದು ಆಗ. “ಪೆಟ್ಟು ತಿಂದು ದೇಶ ಕಟ್ಟಿದ ಮನುಷ್ಯ. ಅವರಿಗೆ ಅರಳುಮರಳು ಅಂತ ಸಂತೆಯಲ್ಲಿ ನಗಬೇಕೇನು ಜನ? ಇವಳಿಗೆ ಏನು ಹೋಗ್ತಿತ್ತು? ನಾಳೆ ಇನ್ನೊಂದೂರಿಗೆ ನಡೀತಿದ್ದಳು.”

ಉಡಚಮ್ಮ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಕೋಲಿನ ಸದ್ದಾಯಿತು.

ಗುರುಶಾಂತಪ್ಪನವರು ನಿಂತಿದ್ದರು. ಒಗೆದ ಖಾದಿಯ ಪಂಚೆ, ಗುಂಡಿ ಹಾಕಿದ ಕೋಟು, ಬಿಳಿಯ ಟೋಪಿ. ಎಪ್ಪತ್ತಾರರಲ್ಲೂ ನೆಟ್ಟಗಿನ ಬೆನ್ನು. ಅಳಿಯ ಚಾಚಿದ ಕೈಯನ್ನು ಕೋಲಿನಿಂದ ಮೆಲ್ಲಗೆ ಸರಿಸಿ ಮೇಜಿನವರೆಗೆ ನಡೆದರು. ಟೋಪಿ ತೆಗೆದರು. ಇನ್ಸ್‌ಪೆಕ್ಟರರ ಮುಂದೆ ತಲೆ ಬಗ್ಗಿಸಿದರು.

“ಬೆರಳು ಕೊಡಿ,” ಎಂದರು.

ತಿಪ್ಪೇರುದ್ರಸ್ವಾಮಿ ಅನುಮಾನಿಸಿದರು. ಆಮೇಲೆ, ಶಾಲೆಯ ಹುಡುಗನಂತೆ, ಬಿಳಿಗೂದಲ ನಡುವಿನ ಗುಳಿಯಲ್ಲಿ ಬೆರಳಿಟ್ಟು ತೆಗೆದರು.

“ಆ ಫಿಲ್ಮು ನನ್ನದು,” ಎಂದು ಮೇಷ್ಟ್ರು ತಲೆಯೆತ್ತಿದರು. “ಮರೆಯುತ್ತಿದ್ದೇನೆ ಅನ್ನೋದನ್ನ ಮರೆಯುವ ಮಟ್ಟಕ್ಕೆ ನಾನಿನ್ನೂ ಬಂದಿಲ್ಲ. ಚಿತ್ತಪ್ಪ ಹುಟ್ಟು ಎತ್ತಿದ್ದು ನಾನು ಕಂಡದ್ದೋ, ದಿನವೂ ಕೇಳಿ ಕೇಳಿ ಕಂಡಂತಾದದ್ದೋ, ನನಗೆ ತಿಳಿಯದು. ತಿಳಿಯದ್ದಕ್ಕೆ ನಾನು ಬ್ರಿಟಿಷರ ಕಾಲದಲ್ಲೂ ರುಜು ಹಾಕಲಿಲ್ಲ.”

ಅವರ ಹೇಳಿಕೆಯ ಹಾಳೆ ಮೇಜಿನ ಮೇಲಿತ್ತು. ಅದರ ಮೇಲೆ ಸಿದ್ಧವಾಗಿದ್ದ ಲೇಖನಿಯನ್ನು ಎತ್ತಿ, ಮುಚ್ಚಳ ಹಾಕಿ, ಇನ್ಸ್‌ಪೆಕ್ಟರರ ಜೇಬಿಗೆ ಸಿಕ್ಕಿಸಿದರು.

ಚಿತ್ತಪ್ಪನ ಕೊರಳಿನ ಹಗ್ಗ ಸಡಿಲವಾದದ್ದು ಆ ಕೋಣೆಯ ಎಲ್ಲರಿಗೂ ಕೇಳಿಸಿದಂತಿತ್ತು. ಇನ್ಸ್‌ಪೆಕ್ಟರರು ಉಡಚಮ್ಮನ ಹೇಳಿಕೆಯನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದರು. ರೇವಣ್ಣನಿಗೆ ಗೆಲುವೆನಿಸಲಿಲ್ಲ. ಅವನು ಮೇಷ್ಟ್ರ ಬಳಿ ಹೋಗಿ, ಕೆಳಗಿಟ್ಟ ಟೋಪಿಯನ್ನು ಎತ್ತಿ ಕೊಟ್ಟ.

ಮೇಷ್ಟ್ರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಬಿಸಿಲಿನಲ್ಲಿದ್ದ ಕಣ್ಣುಗಳಿಗೆ ಎಲ್ಲಿಂದಲೋ ನೆರಳು ಬಂತು. ಆಮೇಲೆ ಆ ಮುಖದಲ್ಲಿ ಹಳೆಯ ಅಕ್ಕರೆ ಅರಳಿತು.

“ನಾಗೇಂದ್ರ, ಬಂದೆಯೇನಪ್ಪ,” ಎಂದರು. “ಕೊಡೆ ತಂದೆಯಾ? ನೀರಿಗೆ ಬಿದ್ದಾಗ ನಿನ್ನ ಕೈಯಲ್ಲೇ ಇತ್ತು. ನೀನು ಮುಳುಗಿದ ಮೇಲೆ ನಾವಿಬ್ಬರೂ ನೆನೆದುಕೊಂಡೇ ಮನೆಗೆ ಹೋದೆವು.”

ರೇವಣ್ಣನ ಕೈಯಲ್ಲಿ ಟೋಪಿ ಹಾಗೆಯೇ ನಿಂತಿತು. ಕೊಡೆ. ಉಡಚಮ್ಮನ ಹೊರತು ಯಾರೂ ಹೇಳದ ಕೊಡೆ. ಅವಳ ನೆನಪು ದಿಟವೆಂದು ಒಂದು ನಾಶವಾಗುತ್ತಿರುವ ನೆನಪು ಬಂದು ಸಾಕ್ಷಿ ನುಡಿದಿತ್ತು.

“ನಾವಿಬ್ಬರು ಅಂದರೆ ಯಾರು, ಮೇಷ್ಟ್ರೇ?” ಇನ್ಸ್‌ಪೆಕ್ಟರರ ದನಿ ಪಿಸುಮಾತಿನಷ್ಟಿತ್ತು. “ನಿಮ್ಮ ಜೊತೆ ಇನ್ನೊಬ್ಬರಿದ್ದರೇ?”

ಮೇಷ್ಟ್ರು ಹುಡುಕಿದರು. ಅವರ ನೋಟ ಗೋಡೆಯ ಕ್ಯಾಲೆಂಡರಿನ ಮೇಲೆ, ಪೇದೆಯ ಮೇಲೆ, ಬೆವರು ಒರೆಸಿಕೊಳ್ಳುತ್ತಿದ್ದ ಅಳಿಯನ ಮೇಲೆ ಹಾದು, ಎಲ್ಲಿಯೂ ನಿಲ್ಲದೆ, ಕೊನೆಗೆ ನೆಲಕ್ಕಿಳಿಯಿತು.

“ನನಗೆ ಹೆಸರು ಬರುತ್ತಿಲ್ಲ,” ಎಂದರು ವಿನಯದಿಂದ. “ಈ ತಾಯಿಯನ್ನ ಕೇಳಿ. ನಾವು ಮೂವರೂ ಮೆಟ್ಟಿಲಿಳಿದದ್ದು ಇವಳ ಪಕ್ಕದಲ್ಲೇ. ತಲೆಯೆತ್ತಿ ನೋಡಿದಳು. ನನಗೆ ಶರಣು ಹೇಳಿದಳು.”

ಮೂವರು. ಅವಳ ಹೇಳಿಕೆಯಲ್ಲಿದ್ದದ್ದು ಇಬ್ಬರು, ಅದರಲ್ಲೊಬ್ಬ ಮುಖ ಕಾಣದವನು.

ರೇವಣ್ಣ ತಿರುಗಿದ. ಮೊಣಕಾಲಿಗೆ ಒರಗಿದ್ದ ಗೋಣಿಚೀಲವನ್ನು ಉಡಚಮ್ಮ ಯಾವಾಗಲೋ ಎದೆಗೆ ಅವುಚಿಕೊಂಡಿದ್ದಳು. ಜಾಕಿ ಇಟ್ಟು ಒಡೆದ ಮೂಲೆಯನ್ನು ಶಿವರಾತ್ರಿಯಿಂದ ಈವರೆಗೂ ಮರೆಯದ ಹೆಂಗಸು. ಅವಳ ಹಣೆಯ ಏಳು ಚುಕ್ಕೆಗಳ ಮೇಲೆ ಬೆವರು ಮೂಡಿತ್ತು.

“ಉಡಚಮ್ಮ,” ಎಂದರು ತಿಪ್ಪೇರುದ್ರಸ್ವಾಮಿ, “ಮೂರನೆಯವರು ಯಾರು?”

ಅವಳು ಬಿಸಿಲಿನ ಚೌಕವನ್ನೇ ನೋಡುತ್ತಿದ್ದಳು. ಅದು ಸರಿದು ಪಾದ ಮುಟ್ಟಿದಾಗ ಒಮ್ಮೆ ಮುರುಗೇಶಪ್ಪನವರತ್ತ ಕಣ್ಣೆತ್ತಿ, ಮತ್ತೆ ತಗ್ಗಿಸಿದಳು.

“ನೆನಪಿಲ್ಲ ಸಾಹೇಬ್ರೆ,” ಎಂದಳು.